ಅಳತೆಯ ದಿಬ್ಬ

ಗುಬ್ಬಿ
೧೮ ನವೆಂಬರ್ ೨೦೨೪

ಬಸವರಾಜ,

ಉತ್ತರ ತಡವಾಯಿತು. ನಿನ್ನ ಭಾವ ಸತ್ತದ್ದು ಹೇಗೆಂದು ಬಂದುಹೋದವರಿಗೆಲ್ಲ ಹೇಳಿ ಹೇಳಿ, ಬರೆಯಲು ಕೈ ಏಳಲಿಲ್ಲ. ಕುಣಿಗಲ್‌ನಲ್ಲಿ ನಿನ್ನ ಹೆಂಡತಿ ಕಾವ್ಯ, ಮಗು ಚೆನ್ನಾಗಿದ್ದಾರೆಂದು ಅವ್ವ ಹೇಳಿದಳು. ಸಂತೋಷ.

‘ಅಕ್ಕ, ಆ ಜಾಗ ಹಿಂದಿನಿಂದ್ಲೂ ಡೀಪ್ ಇತ್ತು ಅಂತ ತಾಲ್ಲೂಕು ಆಫೀಸಲ್ಲಿ ಹೇಳ್ಬುಡು. ಜಾಸ್ತಿ ಡೀಪಾಗಿ ಹೋಗ್ಬೇಡ’ ಎಂದು ವಾಯ್ಸ್ ಮೆಸೇಜ್ ಕಳಿಸಿದ್ದೀಯ. ನಾಳೆ ವಿಚಾರಣೆ. ಹಾಗೆ ಹೇಳುವುದಿಲ್ಲ.

ಹೋದ ವರ್ಷದವರೆಗೆ ನಾವು ಹೆಂಗಸರು ಕೆರೆಯ ಆ ಜಾಗದಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಬೇಸಿಗೆಯಲ್ಲಿ ನೀನು ಜೆಸಿಬಿ ತಂದು ವಸಂತನರಸಾಪುರದ ಫ್ಯಾಕ್ಟರಿ ಶೆಡ್ಡುಗಳಿಗೆ ಮಣ್ಣು ಹೊಡೆದೆ. ಎಷ್ಟು ತೋಡಿದ್ದೀರೆಂದು ಅಳೆಯಲು ನಡುವೆ ಒಂದು ದಿಬ್ಬವನ್ನು ಮುಟ್ಟದೆ ಬಿಡುವುದು ನಿಮ್ಮ ಕಸುಬಿನ ಪದ್ಧತಿ. ಅಳತೆ ಮುಗಿದ ಮೇಲೆ ಅದನ್ನು ಕೆಡವಬೇಕು. ನೀನು ಕೆಡವಲಿಲ್ಲ. ಕೆರೆ ತುಂಬಿ ದಿಬ್ಬ ಮುಳುಗಿತು. ನಮ್ಮ ಎಮ್ಮೆ ಈಜಿ ಹೋಗಿ ಅದರ ಮೇಲೆ ನಿಂತಿತು. ದಡದಿಂದ ನೋಡಿದರೆ ಮೊಣಕಾಲುದ್ದ ನೀರು. ಅದನ್ನು ಹಿಡಿದು ತರಲು ನಿನ್ನ ಭಾವ ಹೋದರು. ನಡುವೆ ಇದ್ದದ್ದು ನಿನ್ನ ಗುಂಡಿ. ಅವರಿಗೆ ಈಜು ಬರುತ್ತಿರಲಿಲ್ಲ.

ಮಣ್ಣು ಮಾಡುವ ದಿನ ನೀನು ಗುಂಡಿಯ ಅಂಚಿನಲ್ಲಿ ನಿಂತು, ‘ಇನ್ನೂ ಡೀಪ್ ತೆಗೀರ್ಲಾ, ಭಾವ ನೆಟ್ಟಗೆ ಕೂತ್ಕಬೇಕು’ ಎಂದು ಕೂಗಿದೆ. ಕೋಲು ಇಳಿಸಿ ಅಳೆದೆ. ತೋಡುತ್ತಿದ್ದ ದ್ಯಾವಪ್ಪ ಕೈ ಕೊಡವಿಕೊಂಡು, ‘ಇಲ್ಲಾದ್ರೂ ಅಳತೆ ಸರ್ಯಾಗಿ ನೋಡ್ದಲ್ಲಪ್ಪ ಕಂಟ್ರಾಕ್ಟ್ರೇ’ ಎಂದ. ನೀನು ತಲೆ ತಗ್ಗಿಸಲೂ ಇಲ್ಲ. ಮರುದಿನ ‘ಡೀಪಾಗಿ ನೋವಾಗಿದೆ’ ಎಂದು ಸ್ಟೇಟಸ್ ಹಾಕಿದೆ, ನಿನ್ನದೇ ಫೋಟೋ ಇಟ್ಟು.

ಕಾವ್ಯಳಿಗೂ ಮಗುವಿಗೂ ಒಳ್ಳೆಯದಾಗಲಿ. ನಿನ್ನನ್ನು ಏನೆಂದು ಹರಸಲಿ? ತಿಂಗಳ ಪೂಜೆಗೆ ಬರಬೇಡ.

ಸುಧಾ

ಇನ್ನೊಂದು ಮಾತು: ನೀರಿಗಿಳಿಯುವ ಮುಂಚೆ ಅವರು ನಿನಗೆ ಫೋನ್ ಮಾಡಿದ್ದರಲ್ಲ, ಸ್ಪೀಕರ್ ಹಾಕಿದ್ದರು. ನಾನು ಪಕ್ಕದಲ್ಲೇ ಇದ್ದೆ. ‘ಡೀಪ್ ಐತೇನಯ್ಯಾ?’ ಎಂದರು. ಹೌದೆಂದಿದ್ದರೆ ಅಳತೆ ಮೀರಿ ಎಷ್ಟು ತೋಡಿದೆಯೆಂದು ಕೇಳುತ್ತಿದ್ದರು. ಅದಕ್ಕೇ ನೀನು, ‘ಏನಿಲ್ಲ ಭಾವ, ಇಳೀರಿ’ ಎಂದೆ. ನಾಳೆ ಇದನ್ನೂ ಹೇಳುತ್ತೇನೆ. ಆಳ ನೋಡಿಕೊಂಡು ಹೋಗಲಿ ಎಂದು ನಾನು ಕೋಲು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ‘ಬಾಮೈದನೇ ಹೇಳವ್ನಲ್ಲ, ಕೋಲ್ಯಾಕೆ?’ ಎಂದರು.