ಮಗಳು ಕೂರಿಸಿದ ಬ್ಯಾಟರಿ

ಮನೆಯೊಡತಿಗೆ,

ನೀನು ತವರಿಗೆ ಹೋದ ಮರುದಿನವೇ ಕಾರಿನ ಬ್ಯಾಟರಿ ಸತ್ತಿತು. ಗ್ಯಾರೇಜ್ ಕೆಲಸ ಹುಡುಗಿಗೆ ಬೇಡವೆಂದು ನೀನು ತಡೆದಿದ್ದೀಯಲ್ಲ, ಆ ನಮ್ಮ ಮಗಳೇ ಹೊಸದನ್ನು ಕೂರಿಸಿದಳು. ಸ್ಪ್ಯಾನರ್ ಹಿಡಿದು ಹೋದ ನನ್ನನ್ನೇ ತಡೆದಳು.

"ಅಪ್ಪಾ, ಮೊದಲು ಉಂಗುರ ಬಿಚ್ಚು. ಬ್ಯಾಟರಿಗೂ ಸ್ಪ್ಯಾನರಿಗೂ ಒಟ್ಟಿಗೆ ತಾಗಿದ್ರೆ ಅದು ಕಾದು ಬೆರಳು ಸುಟ್ಟುಹೋಗುತ್ತೆ."

"ಮದುವೆ ಉಂಗುರ ಕಣೇ."

"ಬ್ಯಾಟರಿಗೆ ಅದೆಲ್ಲಾ ಗೊತ್ತಾಗಲ್ಲ."

ಬಿಚ್ಚಿದೆ. ಅವಳು ಮೈನಸ್ ತಂತಿಯನ್ನು ಮೊದಲು ಕಳಚಿ, ಹೊಸದಕ್ಕೆ ಅದನ್ನೇ ಕೊನೆಗೆ ಬಿಗಿದಳು. ಒಂದೇ ಸಲಕ್ಕೆ ಗಾಡಿ ಸ್ಟಾರ್ಟ್ ಆಯಿತು. ನಾನು ಸುಲಭಕ್ಕೆ ಹೊಗಳುವವನಲ್ಲ, ನಿನಗೇ ಗೊತ್ತು. ಆದರೂ ಬೀದಿಯವರಿಗೆಲ್ಲ ಹೇಳಿ ಬಂದೆ.

ಸೋಮವಾರ ಅವಳನ್ನು ಗ್ಯಾರೇಜಿಗೆ ಸೇರಿಸೋಣವೆಂದಿದ್ದೇನೆ. ಬೇಡವಾದರೆ ನೀನೇ ಬಂದು ಅವಳಿಗೆ ಹೇಳು, ನನ್ನಿಂದಾಗದು. ಒಪ್ಪುವುದಾದರೆ ಬರುವಾಗ ಅವಳ ಅಳತೆಯ ದಪ್ಪ ಕೈಗವಸು ತಾ. ನನ್ನವು ಅವಳ ಕೈಯಲ್ಲಿ ನಿಲ್ಲುವುದಿಲ್ಲ.

ಇಂತು,
ನಿನ್ನ ಗಂಡ, ಅವಳ ಅಪ್ಪ