ಬಲಿಯದ ಸೋಪು

ಅರ್ಪಿತ,

ಹಲಗೆಯ ಮೇಲೆ ಒಣಗಲು ಇಟ್ಟಿದ್ದ ನಿನ್ನ ಸೋಪು ಕಾಣದಿದ್ದರೆ ಹುಡುಕಬೇಡ. ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದವರ ತಾಂಬೂಲದಲ್ಲಿ ಇಟ್ಟು ಕೊಟ್ಟುಬಿಟ್ಟೆ. "ನಲವತ್ತು ದಿನ ಮುಟ್ಬೇಡಿ ಅತ್ತೆ, ಇನ್ನೂ ಸುಡುತ್ತೆ" ಅಂದಿದ್ದೆ ನೀನು. ಆಗಿದ್ದುದು ಹತ್ತೇ ದಿನ. ಬಲಿಯದ ತೆನೆಗೆ ಕುಡುಗೋಲು ಹಾಕಬಾರದೆಂದು ತಲಘಟ್ಟಪುರದ ಹೊಲದಲ್ಲಿ ಆಳುಗಳಿಗೆ ಬೈಯುತ್ತಿದ್ದವಳು ನಾನು. ಮುಟ್ಟಿದರೆ ಗಟ್ಟಿ ಇತ್ತು, ಆಗಿದೆ ಅಂತ ನಂಬಿದೆ.

ಅವತ್ತು ಬಂದಿದ್ದ ಪಕ್ಕದ ಬೀದಿಯ ತನ್ಮಯಿ ಮನೆಯಲ್ಲಿ ಇವತ್ತು ಅವಳ ಕೂಸಿಗೆ ಅದರಲ್ಲೇ ಸ್ನಾನ ಮಾಡಿಸಿದ್ದಾರೆ. ಬೆನ್ನೆಲ್ಲ ಬೊಬ್ಬೆ. ಆಸ್ಪತ್ರೆಗೆ ಸೇರಿಸಿದ್ದಾರೆ. ತನ್ಮಯಿಯ ಅಮ್ಮ ಗೇಟಿಗೇ ಬಂದು, "ನಿಮ್ ಸೊಸೆ ಏನ್ರೀ ಬೆರೆಸಿದ್ಳು? ಡಾಕ್ಟ್ರು ಕೇಳ್ತಿದಾರೆ" ಅಂತ ಕೂಗಾಡಿ ಹೋದರು.

ಕೊಟ್ಟ ತಾಂಬೂಲ ವಾಪಸ್ ಕೇಳಬಾರದು ಅಂತಾರೆ. ಆದರೂ ಉಳಿದ ಒಂಬತ್ತು ಮನೆಗೆ ಹೋಗಿ ಸೋಪು ಕೇಳಿ ತಂದೆ. ಬಚ್ಚಲಿನ ಬಕೆಟ್ಟಿನಲ್ಲಿವೆ, ಕೈ ಹಾಕಬೇಡ. ಅನ್ನ ಕುಕ್ಕರಿನಲ್ಲಿದೆ, ಸಾರು ಬಿಸಿ ಮಾಡಿಕೋ. ಹಸಿದುಕೊಂಡು ಕೂರಬೇಡ.

ಡಾಕ್ಟರಿಗೆ ತೋರಿಸಲು ನೀನು ಸೋಪಿಗೆ ಹಾಕಿದ್ದ ಕಾಸ್ಟಿಕ್ ಸೋಡಾ ಡಬ್ಬ ತೆಗೆದುಕೊಂಡು ಆಸ್ಪತ್ರೆಗೆ ಹೊರಟಿದ್ದೇನೆ. "ನಮ್ಮ ಅರ್ಪಿತ ಮಾಡಿದ್ದು" ಅಂತ ಅವತ್ತು ಎಲ್ಲರೆದುರು ಜಂಬ ಕೊಚ್ಚಿಕೊಂಡವಳು ನಾನೇ. ಈಗ ಎಲ್ಲರ ಬಾಯಲ್ಲೂ ನಿನ್ನ ಹೆಸರೇ. ನೀನು ಬೇಡ ಅಂದಿದ್ದರೂ ಬಲಿಯುವ ಮೊದಲೇ ಕೊಟ್ಟವಳು ನಾನು ಅಂತ ತನ್ಮಯಿ ಮುಖ ನೋಡಿ ಹೇಳಬೇಕು. ಹೇಳಿ ಮುಗಿಸುವವರೆಗೂ ನೀನು ಅಲ್ಲಿಗೆ ಬರಬೇಡ.

ಅತ್ತೆ