ಅಪ್ಪನ ತಲೆಯ ಮೇಲಿನ ಚಾಪೆ

ಮಾಂಗೆರೆ, ಆಕ್ಲೆಂಡ್
ಸೋಮವಾರ

ಕ್ಯಾಲಮ್,

ನಮ್ಮ ನಿಶ್ಚಿತಾರ್ಥದ ಊಟದಲ್ಲಿ ನನ್ನ ತಮ್ಮ ಇಯೋನೆ ಕುಡಿದು ನಿನ್ನ ಮೂತಿಗೆ ಗುದ್ದಿದ್ದು ತಪ್ಪೇ. ಅದಕ್ಕೇ ಅಪ್ಪ ನಿನ್ನೆ ಚರ್ಚಿಗೂ ಹೋಗದೆ ನಿಮ್ಮ ಮನೆಯ ಮುಂದಿನ ಹುಲ್ಲಿನ ಮೇಲೆ ಕೂತು, ಅಜ್ಜಿ ಹೆಣೆದ ಚಾಪೆಯನ್ನು ತಲೆಯ ಮೇಲೆ ಹೊದ್ದುಕೊಂಡರು. ನೊಂದ ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಸಮೋವಾ ದ್ವೀಪದವರಾದ ನಮ್ಮಲ್ಲಿ ತಪ್ಪೊಪ್ಪಿ ತಲೆ ತಗ್ಗಿಸಲು ಇದಕ್ಕಿಂತ ದೊಡ್ಡ ದಾರಿ ಇಲ್ಲ. ಹಿಂದಿನ ದಿನವೇ ನಿನಗೆ ಎಲ್ಲ ಬಿಡಿಸಿ ಹೇಳಿದ್ದೆ.

ನಿಮ್ಮಮ್ಮ ಬಾಗಿಲಿಗೆ ಬಂದು, "ಇದೇನೋ ನಾಟಕ? ಪೊಲೀಸರನ್ನ ಕರೀಲಾ?" ಎಂದರು.

"ಬಿಡಮ್ಮ, ಅವ್ರ ಜನಾನೇ ಹಂಗೆ. ಸುಸ್ತಾದ್ರೆ ಎದ್ದು ಹೋಗ್ತಾರೆ," ಎಂದು ನೀನು ನಕ್ಕೆ. ಗೇಟಿನ ಹತ್ತಿರ ಕಾರಿನಲ್ಲಿದ್ದ ನನಗೆ ಅದು ಕೇಳಿಸಿತು. ಆಮೇಲೆ ನಿಮ್ಮಮ್ಮ ಹುಲ್ಲಿಗೆ ನೀರು ಹಾಯಿಸುವ ಕಾರಂಜಿಯ ನಲ್ಲಿ ತಿರುಗಿಸಿದರು. ನೀನು ಕಾಫಿ ಹಿಡಿದು ನೋಡುತ್ತ ನಿಂತೆ. ಅಪ್ಪ ತೊಯ್ದರೂ ಅಲುಗಲಿಲ್ಲ.

ಕೊನೆಗೆ ನಾನೇ ಹೋಗಿ ಚಾಪೆ ಎತ್ತಿದೆ.

"ನೀನ್ಯಾಕೆ ಮುಟ್ಟಿದೆ? ಆ ಮನೆಯವ್ರು ಎತ್ಬೇಕಲ್ವಾ?" ಎಂದರು ಅಪ್ಪ.

"ಉಂಗುರ ಹಾಕಿದ್ದಾರಲ್ಲಪ್ಪ, ನಾನೂ ಈ ಮನೆಯವಳೇ. ಕ್ಷಮಿಸಿದ್ದಾಯ್ತು, ಏಳಿ."



ಉಂಗುರ ನಿಮ್ಮ ಟಪಾಲು ಡಬ್ಬಿಯಲ್ಲಿದೆ. ನನ್ನ ಕೋಟು ನಿನ್ನ ಕಾರಿನಲ್ಲಿದೆ, ಗೇಟಿಗೆ ನೇತುಹಾಕು. ಇಯೋನೆ ಬಂದು ಒಯ್ಯುತ್ತಾನೆ. ಹೆದರಬೇಡ, ಅವನು ಹೊಡೆಯುವುದಿಲ್ಲ. ನಿನಗಾಗಿ ಅಪ್ಪ ಇನ್ನೊಮ್ಮೆ ಚಾಪೆ ಹೊದೆಯುವುದನ್ನು ನೋಡಲು ಅವನಿಗೂ ಇಷ್ಟವಿಲ್ಲ.

ಇಂತಿ,
ಚಾಪೆ ಹೊದ್ದ ತಾವಿತಾ ಅವರ ಮಗಳು
ತೂಸಿಯಾತ